ಪಾಪದಣ್ಣನ ಪರವಾಗಿ ಅತ್ತೆಯ ಸಾಕ್ಷಿ

ತಂದೆತಾಯಿ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಅದು ಸರ್ಕಾರಿ ಕಾಗದಗಳಿಗೆ ಮಾತ್ರ ಗೊತ್ತಿತ್ತು. ಬೀದಿಯವರಿಗೆ, ಅಂಗಡಿಯವರಿಗೆ, ಹೆಂಡತಿಯ ಕಡೆಯವರಿಗೆ ಅವನು ಪಾಪದಣ್ಣ. ಪಾಪ ಮಾಡಿದ ಅಣ್ಣ ಎಂದಲ್ಲ. ‘ಪಾಪ, ಒಳ್ಳೆ ಮನುಷ್ಯ’ ಎನ್ನುತ್ತೇವಲ್ಲ, ಆ ಪಾಪ. ಬಾಯಿಗೆ ಬೆರಳಿಟ್ಟರೂ ಕಚ್ಚಲು ಬಾರದವನು. ದಾರಿಯಲ್ಲಿ ದೀಪದ ಕಂಬಕ್ಕೆ ಭುಜ ತಾಗಿದರೆ ಕಂಬಕ್ಕೆ ‘ಕ್ಷಮಿಸಿ’ ಅನ್ನುವನು. ಸರದಿಯಲ್ಲಿ ನಿಂತರೆ ಹಿಂದಿನವರಿಗೆಲ್ಲ ಜಾಗ ಬಿಟ್ಟು ಬಿಟ್ಟು, ಕೊನೆಗೆ ಬಾಗಿಲು ಮುಚ್ಚುವವನ ಪಕ್ಕ ನಿಂತಿರುವನು.

ಅವನ ಕೆಲಸವೂ ಅವನಿಗೆ ಹೇಳಿ ಮಾಡಿಸಿದ್ದಾಗಿತ್ತು. ಪೇಟೆಯ ದೊಡ್ಡ ಶೂ ಅಂಗಡಿಯಲ್ಲಿ ಗಿರಾಕಿಗಳ ಕಾಲಿಗೆ ಶೂ ತೊಡಿಸುವುದು. ಹದಿಹರೆಯದಲ್ಲಿ ಆ ಅಂಗಡಿಯ ಗಿಡ್ಡ ಸ್ಟೂಲಿನ ಮೇಲೆ ಕೂತವನು ಅರ್ಧ ತಲೆ ಬೆಳ್ಳಗಾಗುವವರೆಗೂ ಅಲ್ಲೇ ಕೂತಿದ್ದ. ಊರಿನ ಮುಖಗಳಿಗಿಂತ ಪಾದಗಳೇ ಅವನಿಗೆ ಹೆಚ್ಚು ಪರಿಚಯ. ಆ ಅಂಗಡಿಯ ಕನ್ನಡಿಗಳೂ ನೆಲಕ್ಕೆ ತಾಗಿದ ಗಿಡ್ಡ ಕನ್ನಡಿಗಳು. ಅಲ್ಲಿ ದಿನವಿಡೀ ಓಡಾಡಿದರೂ ಮನುಷ್ಯನಿಗೆ ತನ್ನ ಮುಖ ಕಾಣುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮತ್ತು ಅತ್ತೆ. ಹೆಂಡತಿ ಒಂದು ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು; ಯಾರು ಯಾವಾಗ ಯಾಕೆ ಅಳುತ್ತಾರೆ ಎಂದು ಕಣ್ಣಲ್ಲೇ ಹೇಳಬಲ್ಲವಳು. ಅತ್ತೆ ಮಾತ್ರ ಬೇರೆ ಮಣ್ಣು. ತಮ್ಮ ಮಗಳ ಮದುವೆಯಾದ ಮಾರನೆಯ ವಾರ ‘ನಾಲ್ಕು ದಿನ ಇದ್ದು ಹೋಗ್ತೀನಿ’ ಎಂದು ಬಂದವರು ಹಿಂತಿರುಗಿ ಹೋಗಿರಲಿಲ್ಲ. ಅವರು ಅಳಿಯನನ್ನು ಬೈಯದ ದಿನವಿರಲಿಲ್ಲ. ಆದರೆ ಹಳೆಯ ಕಾಲದ ಹೆಂಗಸು, ಅಳಿಯನಿಗೆ ಏಕವಚನ ಬಳಸುವುದುಂಟೇ? ಎಲ್ಲವೂ ಬಹುವಚನದಲ್ಲೇ. “ಅಳಿಯಂದಿರೇ, ತಮ್ಮ ತಲೆಯಲ್ಲಿ ದೇವರು ಏನಾದ್ರೂ ಇಡೋದನ್ನೇ ಮರೆತುಬಿಟ್ಟಿದ್ದಾನೆ,” ಎನ್ನುವರು. ಪಾಪದಣ್ಣ ತಲೆ ಕೆರೆದುಕೊಂಡು, “ಇರಬಹುದು ಅತ್ತೆ,” ಎನ್ನುವನು.

ಇಂಥವನು ಒಂದು ಮಧ್ಯಾಹ್ನ ರೌಡಿಯಾದ.

ಆಗಿದ್ದು ಇಷ್ಟೆ. ಊರಿನಲ್ಲಿ ಬಾಡಿಗೆ ಮನೆ ಕೊಡಿಸುವ ಬ್ರೋಕರ್ ಒಬ್ಬನಿದ್ದ. ಆಳು ದೊಡ್ಡವನು, ದನಿ ಇನ್ನೂ ದೊಡ್ಡದು. ಕಣಕಾಲು ಮುಚ್ಚುವ ಬೂಟು ಬೇಕೆಂದು ಬಂದ. ತನ್ನ ಕಾಲಿನ ಅಳತೆ ಎಂಟು ಎಂದು ಅವನು ಯೌವನದಲ್ಲೇ ತೀರ್ಮಾನಿಸಿಕೊಂಡಿದ್ದ. ಕಾಲು ಆಮೇಲೆ ಹತ್ತಕ್ಕೆ ಹೋಗಿತ್ತು. ಅವನು ಎಂಟರಲ್ಲೇ ಇದ್ದ.

“ಹತ್ತು ನೋಡೋಣ್ವಾ ಸರ್?” ಎಂದ ಪಾಪದಣ್ಣ.

“ನನ್ನ ಕಾಲು ನನಗೆ ಗೊತ್ತೋ ನಿನಗೆ ಗೊತ್ತೋ? ಎಂಟೇ ತಾ, ದಡ್ಡ.”

ಆ ‘ದಡ್ಡ’ ಅಂಗಡಿಗೆಲ್ಲ ಕೇಳಿಸಿತು. ಪಾಪದಣ್ಣ ಎಂಟು ತಂದ. ಅಂಗಡಿಯ ಹಿಂಬದಿಯಲ್ಲಿ, ಪೆಟ್ಟಿಗೆಗಳ ಎತ್ತರದ ಸಾಲಿನ ಮರೆಯಲ್ಲಿ, ಇಬ್ಬರೂ ಸೇರಿ ಆ ಕಾಲನ್ನು ಬೂಟಿನೊಳಗೆ ಹೇಗೋ ತುರುಕಿದರು. ಹೋಗುವುದು ಹೋಯಿತು, ಹೊರಗೆ ಬರಲೊಲ್ಲದು. ಬ್ರೋಕರನ ಮುಖ ಬಣ್ಣ ಬದಲಿಸತೊಡಗಿತು.

“ಎಳಿಯೋ.”

“ಎಳೀತಿದೀನಿ ಸರ್.”

“ಇದೇನೋ ಎಳೆಯೋದು? ಮನೇಲಿ ಊಟ ಹಾಕಲ್ವಾ?”

ಪಾಪದಣ್ಣ ನೆಲದ ಮೇಲೆ ಕೂತು ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ಜಗ್ಗಿದ. ಬ್ರೋಕರ್ ಮುಂದಕ್ಕೆ ಬಗ್ಗಿ, ತನ್ನ ಮೊಣಕಾಲನ್ನು ತಾನೇ ತಬ್ಬಿಕೊಂಡು ತನ್ನ ಕಡೆ ಜಗ್ಗಿದ. ಹಾಗೆ ಸ್ವಲ್ಪ ಹೊತ್ತು ಹಗ್ಗಜಗ್ಗಾಟ ನಡೆದು, ಬೂಟು ಒಮ್ಮೆಲೇ ಕಳಚಿಕೊಂಡಿತು. ಪಾಪದಣ್ಣ ಬೂಟು ಸಮೇತ ಹಿಂದಕ್ಕೆ ಹಾರಿ ಪೆಟ್ಟಿಗೆಗಳ ಮೇಲೆ ಬಿದ್ದ. ಬ್ರೋಕರನ ಮಂಡಿ ಸ್ಪ್ರಿಂಗಿನಂತೆ ಎದ್ದು ಅವನದೇ ಮೂಗಿಗೆ ಬಡಿಯಿತು.

ಸದ್ದು ಕೇಳಿ ಜನ ಓಡಿ ಬಂದಾಗ ಕಂಡದ್ದು: ಮೂಗಿನಿಂದ ರಕ್ತ ಸುರಿಸುತ್ತ ಕೂತ ಬ್ರೋಕರ್, ಅವನ ಮುಂದೆ, ಆಗಷ್ಟೇ ಎದ್ದು ನಿಂತು, ಬೂಟು ಹಿಡಿದ ಕೈಯನ್ನು ಮೇಲೆತ್ತಿದ್ದ ಪಾಪದಣ್ಣ.

“ಗುದ್ದಿದ,” ಎಂದ ಬ್ರೋಕರ್.

ತನ್ನ ಮಂಡಿಯೇ ತನ್ನ ಮೂಗು ಮುರಿಯಿತು ಎಂದು ಯಾವ ಗಂಡಸು ತಾನೇ ಪೊಲೀಸರ ಮುಂದೆ ಹೇಳಿಯಾನು? ಬಹುಶಃ ಅವನು ಬೇಕೆಂದು ಸುಳ್ಳು ಹೇಳಿರಲಿಕ್ಕಿಲ್ಲ. ಎದುರಿಗೆ ಒಬ್ಬ ಮನುಷ್ಯ, ಮೂಗಿಗೆ ಒಂದು ಏಟು; ಎರಡನ್ನೂ ಕೂಡಿಸಿದ್ದಾನೆ. ಅಂತೂ ಕೇಸು ದಾಖಲಾಯಿತು.

ಪಾಪದಣ್ಣನಿಗೆ ಸಿಕ್ಕಿದ ವಕೀಲರು ಗಟ್ಟಿ ಮಾತುಗಾರರು. ಜಮೀನಿನ ಗಡಿ ಜಗಳಗಳಲ್ಲಿ ಹೆಸರು ಮಾಡಿದ್ದವರು. ಘಟನೆಯ ವಿವರ ಕೇಳುತ್ತಿದ್ದಂತೆ ಅವರ ಕಣ್ಣು ಹೊಳೆಯಿತು. “ಮಂಡಿ,” ಎಂದರು ಮೆಲ್ಲಗೆ. ಅಂದಿನಿಂದ ಅವರಿಗೆ ಮಂಡಿಯ ಹೊರತು ಬೇರೇನೂ ಕಾಣಲಿಲ್ಲ. ಮೂಳೆ ಡಾಕ್ಟರೊಬ್ಬರನ್ನು ಕಾಡಿ ಬೇಡಿ ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ತಂದು, ಆಫೀಸಿನ ಮೇಜಿನ ಮೇಲಿಟ್ಟು, ಬಂದವರಿಗೆಲ್ಲ ಮಡಚಿ ಬಿಚ್ಚಿ ತೋರಿಸಿದರು.

ಹೆಂಡತಿ ಒಂದು ದಿನ ಅವರ ಬಳಿ ಹೋಗಿ ಹೇಳಿದಳು: “ಸರ್, ನಮ್ಮವರು ಎಂಥವರು ಅಂತ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಅಂಗಡಿ ಮಾಲೀಕರು, ಕ್ಷೌರದವರು, ಹಲ್ಲಿನ ಡಾಕ್ಟ್ರು, ಎಲ್ರೂ ಬರ್ತೀನಿ ಅಂದಿದ್ದಾರೆ. ಒಂದು ಮಾತು ಕೇಳಿ ಅವರನ್ನ.”

“ನಡತೆ ಗಿಡತೆ ಎಲ್ಲ ಯಾಕಮ್ಮ? ನಮ್ಮ ಕಡೆ ವಿಜ್ಞಾನ ಇದೆ.”

“ಆದ್ರೂ ಸರ್...”

“ಅಮ್ಮ, ಮಂಡಿ ನೋಡಿ. ಈಗ ಎಳೀತೀನಿ ನೋಡಿ.”

ವಿಚಾರಣೆಯ ದಿನ ಅವರು ಕೋರ್ಟಿನಲ್ಲಿ ಮಂಡಿಯ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಮೂರನೆಯ ಸಲ ಬಿಚ್ಚಿ ತೋರಿಸುವಾಗ ಪ್ಲಾಸ್ಟಿಕ್ ಮಂಡಿ ಸಿಕ್ಕಿಕೊಂಡು ಅರ್ಧಕ್ಕೇ ನಿಂತುಬಿಟ್ಟಿತು. ಅದನ್ನು ಬಿಡಿಸಲು ಕೋರ್ಟಿನ ಗುಮಾಸ್ತರೂ ಕೈ ಹಾಕಬೇಕಾಯಿತು. ಪಾಪದಣ್ಣ ಎಂಥ ಮನುಷ್ಯ ಎಂಬುದರ ಬಗ್ಗೆ ಅವರು ಒಂದಕ್ಷರ ಎತ್ತಲಿಲ್ಲ. ಪಾಪದಣ್ಣನನ್ನು ಕಟಕಟೆಗೆ ಹತ್ತಿಸಿದಾಗಲೂ ಕೇಳಿದ್ದು ಬೂಟು ಎಷ್ಟು ಕೋನದಲ್ಲಿತ್ತು ಎಂದು.

ತೀರ್ಪು ಚಿಕ್ಕದಾಗಿತ್ತು. ನಡೆದದ್ದನ್ನು ಕಂಡವರಿಲ್ಲ, ಒಬ್ಬನ ಮಾತಿಗೆ ಎದುರಾಗಿ ಇನ್ನೊಬ್ಬನ ಮಾತು. ಎಲ್ಲರೆದುರು ಬೈಸಿಕೊಂಡವನು ತಾಳ್ಮೆಗೆಟ್ಟು ಕೈ ಮಾಡಿರುವುದೇ ಹೆಚ್ಚು ಸಹಜವಾಗಿ ತೋರುತ್ತದೆ; ಆರೋಪಿ ಅಂಥವನಲ್ಲ ಎಂದು ಹೇಳಲು ಒಬ್ಬರೂ ಮುಂದೆ ಬಂದಿಲ್ಲ. ಆರು ತಿಂಗಳ ಸೆರೆಮನೆ. ಮೇಲ್ಮನವಿ ಮುಗಿಯುವವರೆಗೆ ಜಾಮೀನು.

ಹೆಂಡತಿ ಕೋರ್ಟಿನ ಹೊರಗೆ ಗೋಡೆ ಹಿಡಿದು ನಿಂತಳು. ಪಾಪದಣ್ಣ ನ್ಯಾಯಾಧೀಶರಿಗೆ ‘ತುಂಬಾ ಉಪಕಾರವಾಯ್ತು’ ಎಂದು ಹೇಳಿ ಬಂದಿದ್ದ. ಬಾಯಿಗೆ ರೂಢಿಯಾದ ಮಾತು.

ಮಾರನೆಯ ದಿನ ಒಂದು ವಿಚಿತ್ರ ನಡೆಯಿತು. ಅವನು ಕೆಲಸಕ್ಕೆ ಹೋಗಲು ಬಸ್ಸು ಹತ್ತಿದ. ಮುಂದಿನ ಸೀಟಿನಲ್ಲಿ ಕೂತಿದ್ದ ಗಟ್ಟಿಮುಟ್ಟಾದ ಯುವಕ ಅವನ ಮುಖ ನೋಡಿದವನೇ ಎದ್ದು ನಿಂತ. “ಕೂತ್ಕೊಳಿ ಅಣ್ಣ.” ಪಾಪದಣ್ಣ ಹಿಂತಿರುಗಿ ನೋಡಿದ, ಯಾರಿಗೆ ಹೇಳಿದ್ದೆಂದು. ಹಿಂದೆ ಯಾರೂ ಇರಲಿಲ್ಲ.

ಅಂಗಡಿಯಲ್ಲಿ ಮಾಲೀಕರು ಪ್ರತಿದಿನ ‘ಏನಯ್ಯಾ, ಈಗ ಬೆಳಗಾಯ್ತಾ?’ ಎನ್ನುತ್ತಿದ್ದವರು ಅಂದು, “ಬಂದ್ಯಾಪ್ಪಾ, ಸ್ವಲ್ಪ ಸುಧಾರಿಸ್ಕೋ,” ಎಂದು ತಮ್ಮ ಕುರ್ಚಿ ತೋರಿಸಿದರು. ಗಿರಾಕಿಗಳು ಅವನು ಹೇಳಿದ ಅಳತೆಗೆ ಮರುಮಾತಿಲ್ಲದೆ ಒಪ್ಪಿಕೊಂಡರು. ಒಂಬತ್ತು ಎಂದರೆ ಒಂಬತ್ತು. ಬೀದಿಯವರು ಹೊಸ ಹೆಸರಿಟ್ಟರು: ಗುದ್ದಣ್ಣ. ಮಗಳ ಗೆಳತಿಯರು ‘ನೋಟ್ಸ್ ಬೇಕು’ ಎಂಬ ನೆಪ ಹೇಳಿ ಅವನನ್ನು ನೋಡಿಹೋಗಲು ಬಂದರು. ಅವನು ಚಹಾ ಕುಡಿಯುವುದನ್ನೇ ಬಾಗಿಲ ಸಂದಿಯಿಂದ ನೋಡಿ, ಒಬ್ಬರನ್ನೊಬ್ಬರು ಚಿವುಟಿಕೊಂಡು ಹೋದರು.

ಎಲ್ಲಕ್ಕಿಂತ ಹೆಚ್ಚಿನ ಬದಲಾವಣೆ ಅತ್ತೆಯದು. ಹಾಲಿನ ಕೆನೆ ಆ ಮನೆಯಲ್ಲಿ ಅತ್ತೆಯ ಸ್ವತ್ತು. ಮೊಮ್ಮಗಳಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಪಾಪದಣ್ಣನ ಲೋಟದಲ್ಲಿ ಕೆನೆ ದಪ್ಪಗೆ ತೇಲುತ್ತಿತ್ತು. ಅವನು ತಲೆಯೆತ್ತಿ ನೋಡಿದ. ಅತ್ತೆ ಬಾಗಿಲ ಬಳಿ, ಸ್ವಲ್ಪ ದೂರದಲ್ಲೇ ನಿಂತು, “ಸಾಕಾ? ಇನ್ನೂ ಇದೆ,” ಎಂದರು.

ಪಾಪದಣ್ಣನಿಗೆ ಅಮಲೇರಿತು. ಸುಳ್ಳೇಕೆ ಹೇಳಬೇಕು? ಅಂಥ ಸುಖವನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ತೋಳು ಮೈಗೆ ತಾಗದಂತೆ ಅಗಲಿಸಿಕೊಂಡು ನಡೆಯತೊಡಗಿದ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಆ ಗಿಡ್ಡ ಕನ್ನಡಿಯ ಮುಂದೆ ಮೊಣಕಾಲೂರಿ, ಮುಖ ಕೆಳಗಿಳಿಸಿ, ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡಿದ. ಎದುರು ಮನೆಯ ಸ್ಕೂಟರಿನವನು ವರ್ಷಗಟ್ಟಲೆ ತನ್ನ ಗಾಡಿಯನ್ನು ಇವರ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದ. ದಮ್ಮಯ್ಯ ಎಂದರೂ ಕೇಳುತ್ತಿರಲಿಲ್ಲ. ಒಂದು ಸಂಜೆ ಪಾಪದಣ್ಣ ಅವನ ಮುಂದೆ ನಿಂತು, ಬಲಗೈಯನ್ನು ಒಮ್ಮೆ ಮೆಲ್ಲಗೆ ಸವರಿಕೊಂಡು, “ಈ ಕೈ ಗೊತ್ತಲ್ಲ?” ಎಂದ. ಸ್ಕೂಟರ್ ಅಂದೇ ಅಲ್ಲಿಂದ ಮಾಯವಾಯಿತು. ಪಾಪದಣ್ಣ ಒಳಗೆ ಬಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ.

“ರೀ, ಜೈಲಿಗೆ ಹೋಗೋ ದಿನ ಬರ್ತಿದೆ, ನೀವು ಹಾಡು ಗುನುಗ್ತೀರಲ್ಲ,” ಎಂದಳು ಹೆಂಡತಿ. ಅವಳೊಬ್ಬಳೇ ಆ ಮನೆಯಲ್ಲಿ ಬುದ್ಧಿ ಸ್ತಿಮಿತದಲ್ಲಿದ್ದವಳು.

ಅವಳೇ ಹುಡುಕಾಡಿ ಹೊಸ ವಕೀಲರನ್ನು ಕಂಡುಹಿಡಿದಳು. ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಅವರ ಆಫೀಸು. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕದಷ್ಟು ಗಿಡ್ಡ ಹೆಂಗಸು. ಕೋರ್ಟಿನಲ್ಲಿ ಎಲ್ಲರೂ ಅವರನ್ನು ಪುಟ್ಟ ಲಾಯರಮ್ಮ ಎನ್ನುತ್ತಿದ್ದರು. ತೀರ್ಪನ್ನು ಓದಿ ಮುಗಿಸಿ, ಕಾಲು ಆಡಿಸುತ್ತ ಕೇಳಿದರು: “ಇವರ ನಡತೆ ಬಗ್ಗೆ ಯಾರನ್ನೂ ಯಾಕೆ ಕರೆಸಲಿಲ್ಲ?”

“ನಾನು ಹೇಳಿದೆ ಮೇಡಂ. ಮಂಡಿ ಇದೆಯಲ್ಲ ಅಂದ್ರು.”

“ನೀವು ಹೇಳಿದ್ದು ನಿಜ, ಅವರು ಬಿಟ್ಟಿದ್ದೂ ನಿಜ ತಾನೇ? ಹಾಗಾದ್ರೆ ಹಿಡಿಯೋಕೆ ಒಂದು ದಾರ ಸಿಕ್ತು.” ಅವರು ಪಾಪದಣ್ಣನ ಕಡೆ ತಿರುಗಿದರು. “ನೋಡಿ, ನಮ್ಮ ವಕೀಲರು ಸರಿ ಇರಲಿಲ್ಲ ಅಂತ ಸೋತವರೆಲ್ಲ ಹೇಳ್ತಾರೆ, ಕೋರ್ಟು ಕಿವಿಗೇ ಹಾಕ್ಕೊಳಲ್ಲ. ಎರಡು ವಿಷಯ ತೋರಿಸಬೇಕು. ಮಾಡಲೇಬೇಕಾದ್ದನ್ನ ಅವರು ಕಾರಣ ಇಲ್ಲದೆ ಬಿಟ್ರು ಅನ್ನೋದು. ಬಿಡದೆ ಇದ್ದಿದ್ರೆ ತೀರ್ಪು ಬೇರೆ ಆಗಬಹುದಿತ್ತು ಅನ್ನೋದು. ನಿಮ್ಮದು ಬಾಯಿಗೆ ಬಾಯಿ ನಿಂತಿರೋ ಕೇಸು. ಇಂಥ ಕಡೆ ಮನುಷ್ಯ ಎಂಥವನು ಅನ್ನೋದೇ ದೊಡ್ಡ ಸಾಕ್ಷಿ. ನೀವು ಯಾವತ್ತಾದ್ರೂ ಯಾರಿಗಾದ್ರೂ ಹೊಡೆದಿದೀರಾ?”

ಪಾಪದಣ್ಣ ಗಂಟಲು ಸರಿಮಾಡಿಕೊಂಡ. “ಚಿಕ್ಕವನಿದ್ದಾಗ ಒಂದ್ಸಲ...”

“ಸುಳ್ಳು,” ಎಂದಳು ಹೆಂಡತಿ.

“ಅಂದ್ರೆ, ಹೊಡೀಬೇಕು ಅಂದ್ಕೊಂಡಿದ್ದೆ.”

ಲಾಯರಮ್ಮ ನಗು ನುಂಗಿಕೊಂಡರು. ಪಾಪದಣ್ಣನ ಮುಖ ಬಾಡಿತು. “ಅಂದ್ರೆ ಮೇಡಂ, ಜನರನ್ನೆಲ್ಲ ಸೇರಿಸಿ, ನಾನು ಪುಕ್ಕಲ ಅಂತ ಕೋರ್ಟಲ್ಲಿ ಹೇಳಿಸಬೇಕು.”

“ಸಾಧು ಅಂತ.”

“ಎರಡಕ್ಕೂ ಜನ ನಗೋದು ಒಂದೇ ಥರ.”

“ಆರು ತಿಂಗಳು ಒಳಗಿದ್ರೆ ನಗಲ್ಲ,” ಎಂದಳು ಹೆಂಡತಿ. ಪಾಪದಣ್ಣ ಅವಳ ಕೈ ನೋಡಿದ. ಕೈಚೀಲದ ಹಿಡಿಯನ್ನು ಹಿಂಡುತ್ತಿತ್ತು. ಅವನು ಆ ಕ್ಷಣವೇ ಒಪ್ಪಿದ.

ಲಾಯರಮ್ಮ ಒಂದು ಎಚ್ಚರಿಕೆ ಕೊಟ್ಟರು. “ಒಳ್ಳೆ ನಡತೆ ಅಂತ ನಾವು ಬಾಗಿಲು ತೆಗೆದ್ರೆ, ಅದೇ ಬಾಗಿಲಿಂದ ಅವರೂ ಒಳಗೆ ಬರ್ತಾರೆ. ಯಾರನ್ನಾದ್ರೂ ಹೆದರಿಸಿದ್ದು, ಜಗಳ ಆಡಿದ್ದು ಇದ್ರೆ ಈಗಲೇ ಹೇಳಿ.”

ಪಾಪದಣ್ಣನಿಗೆ ಸ್ಕೂಟರ್ ನೆನಪಾಯಿತು. ಹೆಂಡತಿ ಪಕ್ಕದಲ್ಲೇ ಇದ್ದಳು. “ಏನಿಲ್ಲ ಮೇಡಂ,” ಎಂದ.

ಮೇಲ್ಮನವಿಯ ವಿಚಾರಣೆಯ ದಿನ ಬೀದಿಗೆ ಬೀದಿಯೇ ಕೋರ್ಟಿನಲ್ಲಿತ್ತು. ಬೆಂಚು ಸಾಲದೆ ಜನ ಗೋಡೆಗೆ ಒರಗಿ ನಿಂತರು. ಅತ್ತೆ ಮೊದಲ ಸಾಲಿನಲ್ಲಿ ಸೆಟೆದು ಕೂತಿದ್ದರು. ಬ್ರೋಕರನೂ ಬಂದಿದ್ದ, ಅವನ ಮೂಗು ಸ್ವಲ್ಪ ಎಡಕ್ಕೆ ವಾಲಿತ್ತು. ನ್ಯಾಯಾಧೀಶರು ಬಿಗಿ ಮುಖದ ಹಿರಿಯರು. ಹೊಸ ಸಾಕ್ಷಿಗಳನ್ನು ಕೇಳಲು ಒಪ್ಪಿದ್ದರು, ಆದರೆ ‘ಚುಟುಕಾಗಿ’ ಎಂದು ಮೂರು ಸಲ ಹೇಳಿದ್ದರು.

ಮೊದಲು ಕಟಕಟೆ ಹತ್ತಿದವರು ಹಳೆಯ ವಕೀಲರೇ. ಅವರನ್ನು ಈಗ ಕೋರ್ಟಿನಲ್ಲೆಲ್ಲ ಮಂಡಿ ವಕೀಲರು ಎನ್ನುತ್ತಿದ್ದರು.

“ನಡತೆಯ ಸಾಕ್ಷಿಗಳ ವಿಚಾರ ಈಕೆ ನಿಮಗೆ ಹೇಳಿದ್ದು ಹೌದಾ?” ಎಂದರು ಪುಟ್ಟ ಲಾಯರಮ್ಮ.

“ಹೌದು.”

“ಅವರನ್ನು ಕರೆಸಿದರೆ ಕೇಸಿಗೆ ತೊಂದರೆ ಅಂತ ಏನಾದರೂ ಯೋಚನೆ ಇತ್ತಾ?”

ಮಂಡಿ ವಕೀಲರು ಬೇಕಿದ್ದರೆ ‘ಅದು ನನ್ನ ತಂತ್ರ’ ಎಂದು ನುಣುಚಿಕೊಳ್ಳಬಹುದಿತ್ತು. ಪುಣ್ಯಾತ್ಮರು ಹಾಗೆ ಮಾಡಲಿಲ್ಲ. “ಯಾವ ಯೋಚನೆಯೂ ಇರಲಿಲ್ಲ. ಮಂಡಿಯ ಮೇಲೆ ನನಗೆ ಅಷ್ಟು ಮೋಹ ಹುಟ್ಟಿತ್ತು. ಮಿಕ್ಕಿದ್ದು ಮರೆತೆ ಸ್ವಾಮಿ. ಈಗಲೂ ಅವಕಾಶ ಕೊಟ್ಟರೆ, ಮಂಡಿಯನ್ನ ತಂದಿದೀನಿ...”

“ಬೇಡ,” ಎಂದರು ನ್ಯಾಯಾಧೀಶರು.

ಆಮೇಲೆ ಕ್ಷೌರದವನು ಬಂದ. “ಒಂದ್ಸಲ ಕತ್ತರಿ ಜಾರಿ ಇವರ ಕಿವಿ ಕುಯ್ದುಬಿಟ್ಟೆ ಸ್ವಾಮಿ. ರಕ್ತ ಹೀಗೆ ಬರ್ತಿದೆ. ಇವರು ನನಗೇ ಸಮಾಧಾನ ಹೇಳಿದ್ರು. ‘ನಿಮ್ಮ ತಪ್ಪಲ್ಲ, ಕಿವಿ ಅಡ್ಡ ಬಂತು’ ಅಂದ್ರು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾಪದಣ್ಣ ಕುತ್ತಿಗೆಯನ್ನು ಕಾಲರಿನೊಳಕ್ಕೆ ಎಳೆದುಕೊಂಡ.

ಹಲ್ಲಿನ ಡಾಕ್ಟರು ಸಾಕ್ಷಿ ಹೇಳಲು ಬಂದಾಗ ಬೆವರುತ್ತಿದ್ದರು. “ನಾನು ಇವರ ನೋವಿನ ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತುಬಿಟ್ಟೆ. ಇವರು ಬಾಯಿ ಮುಕ್ಕಳಿಸಿ, ‘ಹೋಗಲಿ ಬಿಡಿ ಡಾಕ್ಟ್ರೇ, ಇದೂ ಎಂದಾದ್ರೂ ಹೋಗೋದೇ ಇತ್ತು. ಈಗ ಆ ಇನ್ನೊಂದು ನೋಡಿ’ ಅಂದರು.” ನ್ಯಾಯಾಧೀಶರು ಕಡತದ ಹಿಂದೆ ಮುಖ ಮರೆಸಿಕೊಂಡರು. ಹೊರಗೆ ಬಂದ ಮೇಲೆ ಡಾಕ್ಟರಿಗೆ ಹೊಳೆಯಿತು, ತನ್ನ ಅರ್ಧ ರೋಗಿಗಳು ಆ ಕೋಣೆಯಲ್ಲೇ ಇದ್ದರು ಎಂದು.

ಮಾಲೀಕರ ಸರದಿಯಲ್ಲಿ ಸರ್ಕಾರಿ ವಕೀಲರು ಎದ್ದರು. ಎತ್ತರದ, ಚುರುಕು ನಾಲಿಗೆಯ ಮನುಷ್ಯ. “ಇವರನ್ನ ಪಾಪದಣ್ಣ ಅಂತೀರಲ್ಲ, ಪಾಪ ಮಾಡಿದ್ದಕ್ಕೋ?”

“ಇಲ್ಲ ಸ್ವಾಮಿ, ನೋಡಿದ್ರೆ ಪಾಪ ಅನ್ಸತ್ತಲ್ಲ, ಅದಕ್ಕೆ.”

“ಈಗ ಬೀದಿಯಲ್ಲಿ ಗುದ್ದಣ್ಣ ಅಂತಾರಂತೆ. ಅದು ಯಾಕೆ?”

ಮಾಲೀಕರು ಪಾಪದಣ್ಣನ ಕಡೆ ನೋಡಿದರು. ಸರ್ಕಾರಿ ವಕೀಲರು ಮೀಸೆಯಲ್ಲೇ ನಕ್ಕು, ತಮ್ಮ ಕಡೆಯ ಸಾಕ್ಷಿಯನ್ನು ಕರೆದರು. ಬಂದವನು ಸ್ಕೂಟರಿನವನು.

ಸ್ಕೂಟರಿನವನು ಆ ಸಂಜೆಯ ಮಾತನ್ನು, ಕೈ ಸವರಿಕೊಂಡದ್ದನ್ನು, ತಾನು ಹೆದರಿ ಗಾಡಿಯನ್ನು ಆಚೆ ಬೀದಿಯಲ್ಲಿ ನಿಲ್ಲಿಸುತ್ತಿರುವುದನ್ನು ಹೇಳಿದ. ಪುಟ್ಟ ಲಾಯರಮ್ಮ ತಿರುಗಿ ಪಾಪದಣ್ಣನನ್ನು ನೋಡಿದ ನೋಟಕ್ಕೆ, ಅವರು ಗಿಡ್ಡಗಿದ್ದಾರೆಂಬುದು ಅವನಿಗೆ ಮರೆತೇ ಹೋಯಿತು. ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಪಾಪದಣ್ಣನನ್ನು ಕಟಕಟೆಗೆ ಕರೆದರು.

“ಹಾಗೆ ಹೇಳಿದಿರೋ ಇಲ್ಲವೋ?” ಎಂದರು ಸರ್ಕಾರಿ ವಕೀಲರು.

“ಹೇಳಿದೆ ಸರ್.”

“ಅಂದರೆ ಆ ಕೈ ಗುದ್ದಿದ್ದು ನಿಜ.”

“ಇಲ್ಲ ಸರ್. ಗುದ್ದಲಿಲ್ಲ.”

“ಗುದ್ದದೆ ಇದ್ದರೆ ಯಾಕೆ ಹಾಗಂದಿರಿ?”

ಪಾಪದಣ್ಣ ಸುತ್ತ ನೋಡಿದ. ಬೀದಿಯವರೆಲ್ಲ ಇದ್ದರು, ಮಗಳಿದ್ದಳು, ಅವಳ ಗೆಳತಿಯರಿದ್ದರು. ಒಂದು ಮಾತು ಆಡಿದರೆ ಗುದ್ದಣ್ಣ ಅಲ್ಲಿಗೆ ಸತ್ತ. ಆಡದಿದ್ದರೆ ಜೈಲು. ಅವನು ಕಂಬಿ ಹಿಡಿದುಕೊಂಡ.

“ಚೆನ್ನಾಗಿತ್ತು ಸರ್.”

“ಏನು ಚೆನ್ನಾಗಿತ್ತು?”

“ಜನ ಹೆದರೋದು. ಬಸ್ಸಲ್ಲಿ ಸೀಟು ಬಿಟ್ರು. ಮಾಲೀಕರು ಕುರ್ಚಿ ಕೊಟ್ರು. ನನಗೆ ಗೊತ್ತಿತ್ತು ಸರ್, ಮೂಗಿಗೆ ಬಡಿದಿದ್ದು ಅವರ ಮಂಡೀನೇ ಅಂತ. ಆದ್ರೆ ಬೀದೀಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸ್ವಲ್ಪ ದಿನ ಇರಲಿ ಅಂದ್ಕೊಂಡೆ. ಮನೇಲಿ ಕೆನೆ ಕೂಡ ಸಿಕ್ತಿತ್ತು.”

ಕೋಣೆಯೆಲ್ಲ ಘೊಳ್ಳೆಂದಿತು. ನ್ಯಾಯಾಧೀಶರು ಮೇಜು ಕುಟ್ಟಿದರು. ಅಷ್ಟರಲ್ಲಿ ಮೊದಲ ಸಾಲಿನಿಂದ ಒಂದು ದನಿ ಎದ್ದಿತು.

“ನನ್ನನ್ನೂ ಕೇಳಬೇಕು ಸ್ವಾಮಿ.”

ಅತ್ತೆ ಎದ್ದು ನಿಂತಿದ್ದರು. ಲಾಯರಮ್ಮ ಅವರನ್ನು ಸಾಕ್ಷಿಗೆ ಕೇಳಿಯೇ ಇರಲಿಲ್ಲ. ಅತ್ತೆಯಂದಿರು ಅಳಿಯನ ಪರ ಹೇಳಿದರೆ ಯಾರು ನಂಬುತ್ತಾರೆ ಎಂದು ಬಿಟ್ಟಿದ್ದರು. ಈಗ ಅವರಿಗೂ ಬೇರೆ ದಾರಿ ಕಾಣಲಿಲ್ಲ. ನ್ಯಾಯಾಧೀಶರು ಆ ಹೆಂಗಸಿನ ಮುಖ ನೋಡಿ, ಬೇಡವೆಂದರೆ ಇನ್ನೂ ಹೊತ್ತಾಗುತ್ತದೆ ಎಂದು ತಿಳಿದು, ಒಪ್ಪಿದರು.

“ಕೆನೆ ಕೊಟ್ಟಿದ್ದು ನಾನೇ,” ಎಂದರು ಅತ್ತೆ. “ಹೆದರಿ ಕೊಟ್ಟೆ. ಎಲ್ರೂ ಗುದ್ದಿದ್ರು ಅಂದ್ರು, ನಾನೂ ನಂಬಿದೆ. ಈಗ ಇಲ್ಲಿ ಕೂತು ಯೋಚನೆ ಮಾಡಿದೆ. ಸ್ವಾಮಿ, ಇವರಿಗೆ ಹೊಡೆಯೋ ಕೈ ಅಂತ ಒಂದಿದ್ದಿದ್ರೆ ಅದು ಮೊದಲು ನನ್ನ ಮೇಲೆ ಬೀಳಬೇಕಿತ್ತು. ಬ್ರೋಕರು ಬೈದಿದ್ದು ಒಂದು ಮಧ್ಯಾಹ್ನ. ನಾನು ಇವರ ಮದುವೆ ಆದಾಗಿಂದ ಬೈತಿದೀನಿ. ನಾನು ಕೊಟ್ಟಷ್ಟು ಅವಕಾಶ ಲೋಕದಲ್ಲಿ ಇನ್ಯಾರೂ ಇವರಿಗೆ ಕೊಟ್ಟಿಲ್ಲ.”

ಸರ್ಕಾರಿ ವಕೀಲರು ಬಿಡಲಿಲ್ಲ. “ಮನೆಯಲ್ಲಿ ಸಣ್ಣಪುಟ್ಟ ಮಾತು ಬರುತ್ತೆ, ಅದನ್ನ ಬೈಗುಳ ಅನ್ನೋಕಾಗುತ್ತಾ? ಏನಂತ ಬೈದಿದ್ದೀರಿ, ಒಂದು ಉದಾಹರಣೆ ಹೇಳಿ.”

ಅವರು ಕೇಳಬಾರದಿತ್ತು.

“‘ಅಳಿಯಂದಿರೇ, ತಾವು ಬಾಲ ಇಲ್ಲದ ಕತ್ತೆ, ಬಾಲ ಇದ್ದಿದ್ರೆ ನೊಣ ಓಡಿಸೋಕಾದ್ರೂ ಆಗ್ತಿತ್ತು’ ಅಂದಿದೀನಿ.”

“ಅದಕ್ಕೆ ಅವರು?”

“‘ಅತ್ತೆ, ನಿಮ್ಮ ಚಹಾ ಆರ್ತಿದೆ’ ಅಂದ್ರು. ‘ನಿಮ್ಮನ್ನ ನನ್ನ ಮಗಳಿಗೆ ಕಟ್ಟೋ ಬದಲು ಒಂದು ಬೀರು ಕೊಂಡಿದ್ರೆ ಬಟ್ಟೆ ಇಡೋಕೆ ಬರ್ತಿತ್ತು’ ಅಂದಿದೀನಿ. ಅದಕ್ಕೆ, ‘ಹೌದು ಅತ್ತೆ, ಮನೇಲಿ ಬೀರು ಇಲ್ಲ’ ಅಂದ್ರು. ಇನ್ನೂ ಹೇಳಲಾ?”

“ಸಾಕು,” ಎಂದರು ಸರ್ಕಾರಿ ವಕೀಲರು.

“ಹೇಳಲಿ,” ಎಂದರು ನ್ಯಾಯಾಧೀಶರು.

ಅತ್ತೆ ಇನ್ನಷ್ಟು ಹೇಳಿದರು. ನಡುವೆ ಒಂದು ಕಡೆ ಅವರ ಮಾತು ಮೆಲ್ಲಗಾಯಿತು. “ನನ್ನ ಕಾಲು ಊದಿಕೊಂಡು ಯಾವ ಚಪ್ಪಲೀನೂ ಹಿಡೀತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಬೆಳಿಗ್ಗೆ ಇವರನ್ನ ಬಾಯಿಗೆ ಬಂದ ಹಾಗೆ ಬೈದಿದ್ದೆ. ಸಂಜೆ ಬಂದವರು ನನ್ನ ಚಪ್ಪಲಿ ಹಿಗ್ಗಿಸಿ, ಒಳಗೆ ಮೆತ್ತಗಿನ ಬಟ್ಟೆ ಹಾಕಿ ಹೊಲಿಸಿ ತಂದಿದ್ರು. ನೆಲದ ಮೇಲೆ ಕೂತು ತಾವೇ ಹಾಕಿದ್ರು. ನೋಯ್ತಿದೆಯಾ ಅಂತ ಕೇಳಿದ್ರು. ಅವತ್ತೂ ನಾನು ಒಳ್ಳೆ ಮಾತು ಆಡಲಿಲ್ಲ ಸ್ವಾಮಿ. ಬಣ್ಣ ಚೆನ್ನಾಗಿಲ್ಲ ಅಂದೆ.”

ಪಾಪದಣ್ಣ ತಲೆ ಎತ್ತಿದ. ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊಟ್ಟೆಯೊಳಗಿಂದ ಏನೋ ಬೆಚ್ಚಗೆ ಗುಳುಗುಳು ಎಂದು ಮೇಲೆ ಬರತೊಡಗಿತು. ಅವನು ನಕ್ಕ. ಎಲ್ಲರೆದುರು, ಬಾಯಿಗೆ ಟವೆಲ್ ಇಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ಹೆಂಡತಿ ಮೊದಲು ಗಾಬರಿಯಿಂದ ನೋಡಿ, ಆಮೇಲೆ ತಾನೂ ನಗತೊಡಗಿದಳು.

ತೀರ್ಪು ಬರಲು ಒಂದು ವಾರ ಹಿಡಿಯಿತು. ನ್ಯಾಯಾಧೀಶರು ಬರೆದಿದ್ದರು: ಈ ಕೇಸು ನಿಂತಿದ್ದೇ ಇಬ್ಬರ ಮಾತಿನ ಮೇಲೆ. ಆರೋಪಿ ಎಂಥ ಸ್ವಭಾವದವನು ಎಂಬುದು ಕೆಳಗಿನ ನ್ಯಾಯಾಲಯಕ್ಕೆ ತಿಳಿದಿದ್ದರೆ ತಕ್ಕಡಿ ಬೇರೆ ಕಡೆ ವಾಲುವ ಸಾಧ್ಯತೆ ಚೆನ್ನಾಗಿಯೇ ಇತ್ತು. ವಕೀಲರಿಗೆ ಆ ಸಾಕ್ಷಿಗಳ ವಿಷಯ ಗೊತ್ತಿತ್ತು. ಅವರನ್ನು ಬಿಡಲು ಯಾವ ಕಾರಣವೂ ಇರಲಿಲ್ಲ. ಕೊನೆಯ ಸಾಕ್ಷಿಯಷ್ಟು ಬಲವಾದ ನಡತೆಯ ಸಾಕ್ಷ್ಯವನ್ನು ತಾವು ಈವರೆಗೆ ಕೇಳಿಲ್ಲ. ಸ್ಕೂಟರಿನ ಪ್ರಸಂಗ ಜಂಬವೇ ಹೊರತು ಹಿಂಸೆಯಲ್ಲ. ಶಿಕ್ಷೆ ರದ್ದು, ಸರ್ಕಾರಕ್ಕೆ ಬೇಕಿದ್ದರೆ ಹೊಸದಾಗಿ ವಿಚಾರಣೆ ನಡೆಸಬಹುದು.

ಹೊಸ ವಿಚಾರಣೆಗೆ ಸರ್ಕಾರಿ ವಕೀಲರು ಬ್ರೋಕರನನ್ನು ಕೇಳಿದರಂತೆ. ಅವನು ಬಹಳ ಹೊತ್ತು ಮೂಗು ಸವರಿಕೊಂಡು, “ಏಟು ಬಿದ್ದಿದ್ದು ನಿಜ ಸಾರ್. ಎಲ್ಲಿಂದ ಬಂತು ಅಂದ್ರೆ... ಆ ಹೊತ್ತಿಗೆ ಕಣ್ಣು ಮುಚ್ಚಿದ್ದೆ,” ಎಂದನಂತೆ. ಕೇಸು ಅಲ್ಲಿಗೆ ಮುಗಿಯಿತು.

ಆ ಖುಷಿಗೆ ಒಂದು ಭಾನುವಾರ ಸಾಕ್ಷಿಗಳೆಲ್ಲ ಸೇರಿ ಊರಾಚೆಯ ಕೆರೆಗೆ ಹೋದರು. ಪುಟ್ಟ ಲಾಯರಮ್ಮನೂ ಬಂದಿದ್ದರು, ಮಂಡಿ ವಕೀಲರೂ ಬಂದಿದ್ದರು. ಬಾಡಿಗೆ ದೋಣಿಯೊಂದರಲ್ಲಿ ಪಾಪದಣ್ಣನ ಕೈಗೆ ಹುಟ್ಟು ಕೊಟ್ಟು ಎಲ್ಲರೂ ಹತ್ತಿ ಕೂತರು. ನಡುನೀರಿಗೆ ಬಂದದ್ದೇ ತಡ, ಮಾಲೀಕರು ಎಡಕ್ಕೆ ಎಂದರು, ಅತ್ತೆ ಬಲಕ್ಕೆ ಎಂದರು, ಡಾಕ್ಟರು ಹಿಂದಕ್ಕೆ ಎಂದರು, ಮಂಡಿ ವಕೀಲರು ಹುಟ್ಟು ಹಿಡಿಯುವ ಕೋನದ ಬಗ್ಗೆ ವಿವರಿಸತೊಡಗಿದರು. ಪಾಪದಣ್ಣ ಎಲ್ಲರ ಮಾತನ್ನೂ ನಡೆಸಿಕೊಟ್ಟ. ದೋಣಿ ಬುಗುರಿಯಂತೆ ನಿಂತಲ್ಲೇ ತಿರುಗಿತು. ಮಗಳು ಕೇಕೆ ಹಾಕಿದಳು, ಕ್ಷೌರದವನು ಕಣ್ಣು ಮುಚ್ಚಿ ಪಕ್ಕದವರ ತೋಳು ಹಿಡಿದ.

“ಎಲ್ರೂ ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊಳಿ,” ಎಂದ ಪಾಪದಣ್ಣ.

ದನಿ ಜೋರಾಗಿಯೇ ಇತ್ತು. ಅದು ಎಲ್ಲಿಂದ ಬಂತೆಂದು ಯಾರಿಗೂ ಒಂದು ಕ್ಷಣ ತಿಳಿಯಲಿಲ್ಲ. ಎಲ್ಲರೂ ಕೂತರು. ಅತ್ತೆ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದರ ಹಿಂದೆ ಅವರ ಭುಜ ಕುಲುಕುತ್ತಿತ್ತು. ಹೆಂಡತಿ ನಗು ತಡೆಯಲಾರದೆ ನೀರಿಗೆ ಕೈ ಬಿಟ್ಟು ಅವನ ಮುಖಕ್ಕೆ ಎರಚಿದಳು. ಅವನು ಮುಖ ಒರೆಸಿಕೊಂಡು, ಹುಟ್ಟು ಹಾಕಿ, ದೋಣಿಯನ್ನು ಆಚೆ ದಡದ ಕಡೆಗೆ ನೆಟ್ಟಗೆ ನಡೆಸಿದ.